ಶ್ವಾನ-ಕಾನನ ದ್ವಂದ್ವ ಮೀಮಾಂಸೆ: ಒಂದು ಪ್ರಾಥಮಿಕ ಪರಿಪ್ರೇಕ್ಷ್ಯ

ಪ್ರಸ್ತಾವನೆ

ಪ್ರಸ್ತುತ ಮಹಾಪ್ರಬಂಧವು ನಾಯಿ ಪ್ರದರ್ಶನಗಳಿಗೆ ಹೋಗುವ ಚಟವನ್ನೂ ಕಾಡುಪ್ರಾಣಿ ನೋಡುವ ಚಟವನ್ನೂ ಏಕಕಾಲದಲ್ಲಿ ಅಂಟಿಸಿಕೊಂಡಿರುವ ದ್ವಿಪಾದಿಯೊಬ್ಬನ ಅಸ್ತಿತ್ವವನ್ನು ಸಾಂಸ್ಕೃತಿಕ, ತಾತ್ತ್ವಿಕ ಹಾಗೂ ಪೆಟ್ರೋಲ್ ಖರ್ಚಿನ ನೆಲೆಗಳಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಯತ್ನ. ಈ ಕ್ಷೇತ್ರದಲ್ಲಿ ಇದುವರೆಗೆ ಯಾರೂ ಕೈಯಾಡಿಸಿಲ್ಲ. ಯಾಕೆ ಆಡಿಸಿಲ್ಲ ಎಂದು ನನ್ನ ಹೆಂಡತಿಯನ್ನು ಕೇಳಿದರೆ ಅವಳು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತಾಳೆ. ಆದರೆ ಒಂದು ವಾಕ್ಯದಲ್ಲಿ ಮುಗಿಯುವುದನ್ನು ಸಂಶೋಧನೆ ಎನ್ನಲು ಬರುವುದಿಲ್ಲ.

ಅಧ್ಯಯನದ ಪ್ರೇರಣೆ ಎರಡು ಘಟನೆಗಳು. ಹೋದ ಫೆಬ್ರುವರಿಯ ಒಂದು ಭಾನುವಾರ ನನ್ನ ಮುಧೋಳ ನಾಯಿಯನ್ನು ರಿಂಗಿನಲ್ಲಿ ಮೂರು ಸುತ್ತು ಓಡಿಸಿ ನಿಲ್ಲಿಸಿದ್ದೆ. ಅವನ ನೋಂದಾಯಿತ ಹೆಸರು ಉಚ್ಚರಿಸಲು ಎರಡು ಉಸಿರು ಬೇಕು, ಮನೆಯಲ್ಲಿ ಬಸ್ಯಾ. ತೀರ್ಪುಗಾರರು ಬಗ್ಗಿ, ಬಸ್ಯಾನ ಗಲ್ಲ ಎತ್ತಿ, ಕಣ್ಣಲ್ಲಿ ಕಣ್ಣಿಟ್ಟು, ಸಂಬಂಧ ಕುದುರದ ಬೀಗರ ಹಾಗೆ ಒಂದು ನಿಟ್ಟುಸಿರು ಬಿಟ್ಟು ‘ಲ್ಯಾಕ್ಸ್ ಎಕ್ಸ್‌ಪ್ರೆಷನ್’ ಎಂದರು. ಭಾವಾಭಿವ್ಯಕ್ತಿ ಸಾಲದಂತೆ. ಅದರ ಮುಂದಿನ ಶನಿವಾರ ಕಬಿನಿ ಹಿನ್ನೀರಿನ ಕಾಡಿನಲ್ಲಿ ನಮ್ಮ ಸಫಾರಿ ಜೀಪಿನ ಮುಂದೆ ಏಳು ಸೀಳುನಾಯಿಗಳು ರಸ್ತೆ ದಾಟಿದವು. ನಾನು ಉಸಿರು ಬಿಗಿಹಿಡಿದಿದ್ದೆ. ಹಿಂದಿನ ಸೀಟಿನಿಂದ ಒಂದು ದನಿ: ‘ಅಯ್ಯೋ, ಬರೀ ನಾಯಿಗಳು ಕಣ್ರೀ. ನಡೀರಿ ನಡೀರಿ, ಅಲ್ಲಿ ಹುಲಿ ಎದ್ದು ಹೋಗ್ಬಿಡುತ್ತೆ.’

ಹೀಗೆ ಆರು ದಿನಗಳ ಅಂತರದಲ್ಲಿ ಒಂದು ನಾಯಿ ಸಾಕಷ್ಟು ನಾಯಿಯಾಗಿರಲಿಲ್ಲ, ಏಳು ನಾಯಿಗಳು ಬರೀ ನಾಯಿಗಳಾಗಿದ್ದವು. ಈ ಎರಡು ಹೇಳಿಕೆಗಳ ನಡುವಣ ಬಿರುಕಿನಲ್ಲಿ ನಿಂತು ಪ್ರಸ್ತುತ ಸಂಶೋಧಕನು ತನ್ನ ಸಂಕಥನವನ್ನು ಕಟ್ಟಿಕೊಳ್ಳುತ್ತಾನೆ. (‘ಕಟ್ಟಿಕೊಳ್ಳುವುದು’ ಎಂಬ ಕ್ರಿಯಾಪದವಿಲ್ಲದೆ ಕನ್ನಡದಲ್ಲಿ ಈಗ ಯಾವ ಪ್ರಬಂಧವೂ ಸ್ವೀಕೃತವಾಗುವುದಿಲ್ಲ ಎಂದು ಬಲ್ಲವರು ಹೇಳಿದ್ದಾರೆ.)

ಪರಿಭಾಷಾ ಪ್ರಕರಣ

ಶಾಸ್ತ್ರವೆಂದ ಮೇಲೆ ಪರಿಭಾಷೆ ಬೇಕು. ಶ್ವಾನ ಪ್ರದರ್ಶನ ಶಾಸ್ತ್ರದಲ್ಲಿ ನಾಯಿಗೆ ಬೆನ್ನಿಲ್ಲ, ‘ಟಾಪ್‌ಲೈನ್’ ಇದೆ. ಹೊಟ್ಟೆಯಿಲ್ಲ, ‘ಟಕ್-ಅಪ್’ ಇದೆ. ಅದು ನಡೆಯುವುದಿಲ್ಲ, ಅದಕ್ಕೆ ‘ಗೇಟ್’ ಇರುತ್ತದೆ. ಇದನ್ನು ಮನೆಯ ಮುಂದಿನ ಗೇಟಿನೊಂದಿಗೆ ಗೊಂದಲ ಮಾಡಿಕೊಂಡು ನಾನು ಮೊದಲ ವರ್ಷವೇ ನಗೆಪಾಟಲಾದೆ. ಹಲ್ಲು ಕಚ್ಚುವುದಕ್ಕಲ್ಲ, ‘ಸಿಸರ್ ಬೈಟ್’ ಆಗಿದೆಯೇ ಎಂದು ತುಟಿ ಎತ್ತಿ ನೋಡುವುದಕ್ಕೆ.

ಇವುಗಳಲ್ಲೆಲ್ಲ ಪರಮಪದವೆಂದರೆ ‘ಸ್ಟ್ಯಾಕ್’. ಇದನ್ನು ನಾವು ಚತುಷ್ಪಾದ ಸ್ಥಾಪನ ಮುದ್ರೆ ಎಂದು ಅನುವಾದಿಸಬಹುದು. ಮುಂಗಾಲುಗಳು ಕಂಬದ ಹಾಗೆ ನೇರ, ಹಿಂಗಾಲುಗಳು ತುಸು ಹಿಂದಕ್ಕೆ, ಕತ್ತು ಎತ್ತಿ, ಕಿವಿ ಮುಂದೆ ಮಾಡಿ, ಉಸಿರೂ ಆಡದ ಹಾಗೆ ನಿಲ್ಲುವುದು. ಮೂರು ತಿಂಗಳ ಮರಿಯಿಂದಲೇ ಇದರ ಪಾಠ ಶುರು. ಗುರು ತನ್ನ ಕೋಟಿನ ಜೇಬಿಗೆ ಕೈ ಹಾಕುತ್ತಾನೆ. ಜೇಬಿನಲ್ಲಿ ಬೇಯಿಸಿದ ಲಿವರ್‌ನ ಚೂರುಗಳಿರುತ್ತವೆ. ಶಿಷ್ಯ ನಾಲ್ಕು ಕಾಲನ್ನೂ ಚೌಕಕ್ಕೆ ತಂದು ನಿಲ್ಲುತ್ತದೆ. ಒಂದು ಚೂರು ಬಾಯಿಗೆ ಬೀಳುತ್ತದೆ. ಇದು ಸಾವಿರ ಸಲ. ಕೊನೆಗೆ ಲಿವರ್ ಬೇಕಿಲ್ಲ, ಕೋಟೂ ಬೇಕಿಲ್ಲ. ಕೈ ಜೇಬಿನ ಕಡೆ ಹೋದರೆ ಸಾಕು, ನಾಯಿ ಶಿಲ್ಪವಾಗುತ್ತದೆ. ಪಾವ್ಲೋವನಿಗೆ ಬರೀ ಜೊಲ್ಲು ಸಿಕ್ಕಿತ್ತು. ನಮ್ಮವರು ಭಂಗಿಯನ್ನೇ ಪಡೆದರು.

ವನ್ಯವೀಕ್ಷಣಾ ಶಾಸ್ತ್ರದ ಪರಿಭಾಷೆಯೂ ಕಡಿಮೆಯದಲ್ಲ. ಇಲ್ಲಿ ಪ್ರಾಣಿ ಕಾಣುವುದಿಲ್ಲ, ‘ಸೈಟಿಂಗ್’ ಆಗುತ್ತದೆ. ‘ಸೈಟಿಂಗ್ ಆಯ್ತಾ?’ ಎಂಬುದು ದಮ್ಮನಕಟ್ಟೆಯ ಸಫಾರಿ ಗೇಟಿನಲ್ಲಿ ಎರಡು ಜೀಪುಗಳು ಎದುರಾದಾಗ ಆಡುವ ನಮಸ್ಕಾರ. ಹುಲಿ ಎದುರಿಗೆ ನಡೆದು ಬಂದರೆ ‘ಹೆಡ್-ಆನ್’. ಬೆನ್ನು ತಿರುಗಿಸಿ ಹೋದರೆ ಅದು ಲೆಕ್ಕಕ್ಕಿಲ್ಲ. ಹುಲಿ ಬಂದೇ ಇಲ್ಲವೆಂಬ ಮುಖ ಮಾಡಿಕೊಂಡು ಜನ ಬಿಸ್ಕೆಟ್ ಪೊಟ್ಟಣ ಬಿಚ್ಚುತ್ತಾರೆ. ಜಿಂಕೆ ಅರಚಿದರೆ ‘ಕಾಲ್’. ಕೆಂಬೂತ ಕೂಗಿದರೆ ಏನೂ ಇಲ್ಲ, ಅದು ಕೂಗುತ್ತಲೇ ಇರುತ್ತದೆ, ಬಡಪಾಯಿ.

ಎರಡೂ ಶಾಸ್ತ್ರಗಳಿಗೆ ಸಮಾನವಾದ ಏಕೈಕ ಪದ ‘ರಿಸರ್ವ್’. ಅಲ್ಲಿ ಎರಡನೆಯ ಬಹುಮಾನ ಪಡೆದದ್ದು ರಿಸರ್ವ್ ಬೆಸ್ಟ್ ಇನ್ ಶೋ. ಇಲ್ಲಿ ಕಾಡು ಟೈಗರ್ ರಿಸರ್ವ್. ಎರಡೂ ಕಡೆ ಅರ್ಥ ಒಂದೇ: ಮೊದಲಿನ ಸ್ಥಾನದಲ್ಲಿ ಬೇರೆ ಯಾರೋ ಕೂತಿದ್ದಾರೆ.

ಜಾತಿ ವಿಚಾರ

ಕನ್ನಡದಲ್ಲಿ ವಂಶಾವಳಿ ಇರುವ ನಾಯಿಗೆ ‘ಜಾತಿ ನಾಯಿ’ ಎನ್ನುತ್ತೇವೆ. ಇಲ್ಲದ್ದಕ್ಕೆ ‘ಕಂತ್ರಿ’. ಈ ಕಂತ್ರಿ ‘ಕಂಟ್ರಿ’ ಎಂಬ ಇಂಗ್ಲಿಷಿನ ತದ್ಭವ ಎನ್ನುತ್ತಾರೆ. ಅಂದರೆ, ಪರದೇಶದವನು ನಮ್ಮ ನಾಯಿಯನ್ನು ‘ದೇಶದ್ದು’ ಎಂದು ಕರೆದ. ನಾವು ಅದನ್ನು ಬೈಗುಳ ಮಾಡಿಕೊಂಡೆವು. ಒಂದು ಜನಾಂಗದ ಇಡೀ ಚರಿತ್ರೆಯನ್ನು ಒಂದು ಪದದಲ್ಲಿ ಹಿಡಿದಿಟ್ಟ ಭಾಷೆ ಬೇರೆ ಇದ್ದರೆ ತೋರಿಸಿ.

ಗಮನಿಸಬೇಕಾದ್ದು ಏನೆಂದರೆ, ಬಸ್ಯಾನನ್ನು ಕರೆದುಕೊಂಡು ಬೆಳಿಗ್ಗೆ ವಾಕಿಂಗ್ ಹೊರಟರೆ ಮೈಸೂರಿನ ಅತ್ಯಂತ ಪ್ರಗತಿಪರ ಮಹನೀಯರೂ ಕೇಳುವ ಮೊದಲ ಪ್ರಶ್ನೆ ‘ಯಾವ ಜಾತಿ?’ ನೂರಾರು ವರ್ಷಗಳಿಂದ ದಾಸರು, ಶರಣರು ಕೇಳಬಾರದೆಂದು ಹಾಡಿ ದಣಿದ ಪ್ರಶ್ನೆಯನ್ನು ಕೇಳಲು ಸಮಾಜಕ್ಕೆ ಕೊನೆಗೂ ಒಂದು ನಿರಪಾಯಕಾರಿ ದಾರಿ ಸಿಕ್ಕಿದೆ. ನಾನು ‘ಮುಧೋಳ’ ಎನ್ನುತ್ತೇನೆ. ಅವರ ಮುಖ ಅರಳುತ್ತದೆ. ‘ಪೇಪರ್ ಇದೆಯಾ?’ ಎಂಬುದು ಎರಡನೆಯ ಪ್ರಶ್ನೆ. ಜಾತಿ ಪ್ರಮಾಣಪತ್ರ.

ಇದೆ. ಆದರೆ ಆ ಪತ್ರದಲ್ಲಿ ಮುಧೋಳ ಎಂದಿಲ್ಲ, ‘ಕ್ಯಾರವಾನ್ ಹೌಂಡ್’ ಎಂದಿದೆ. ಕೆನಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನು ಗುರುತಿಸುವುದು ಆ ಹೆಸರಿನಿಂದ. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಘೋರ್ಪಡೆ ಮನೆತನದ ರಾಜಾ ಮಾಲೋಜಿರಾವ್ ಸಾಕಿ, ಬೆಳೆಸಿ, ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟು ಹೆಸರು ತಂದ ನಾಯಿ ಇದು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರ ಹಾಕಿ ಸ್ಟಾಂಪು ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕೆಂದೇ ಸರ್ಕಾರದ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಸೈನ್ಯದವರು ಮೀರತ್ತಿಗೆ ಮರಿಗಳನ್ನು ಒಯ್ದು ತರಬೇತಿ ಕೊಟ್ಟು ನೋಡಿದರು. 2020ರ ಆಗಸ್ಟಿನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಹೆಸರೆತ್ತಿದರು, ಆವತ್ತು ಸಂಜೆಯಿಂದ ನನ್ನ ಫೋನಿಗೆ ‘ಮರಿ ಇದೆಯಾ’ ಎಂದು ಬಂದ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎರಡು ಬೆಡ್‌ರೂಮಿನ ಫ್ಲ್ಯಾಟಿನವರು. ಬಯಲಿನಲ್ಲಿ ಬಾಣದ ಹಾಗೆ ಓಡಲು ಸಾವಿರ ತಲೆಮಾರು ಅರೆದು ತೆಗೆದ ಕಾಲುಗಳವು. ‘ಬಾಲ್ಕನಿ ದೊಡ್ಡದಿದೆ ಸರ್’ ಎನ್ನುತ್ತಾರೆ.

ಹೀಗೆ ರಿಂಗಿನೊಳಗೆ ಬಸ್ಯಾ ಕಾರವಾನದವನು, ರಿಂಗಿನ ಹೊರಗೆ ಮುಧೋಳದವನು. ಊರಿನಲ್ಲಿ ಒಂದು ಹೆಸರು, ದಾಖಲೆಯಲ್ಲಿ ಇನ್ನೊಂದು. ಪಕ್ಕಾ ಕನ್ನಡಿಗ.

ಆಸಕ್ತರ ವರ್ಗೀಕರಣ

ಪ್ರಸ್ತುತ ಸಂಶೋಧಕನು ಈ ದ್ವಂದ್ವಾಸಕ್ತರನ್ನು ಒಂಬತ್ತು ವರ್ಗಗಳಾಗಿಯೂ ಇಪ್ಪತ್ತೇಳು ಉಪವರ್ಗಗಳಾಗಿಯೂ ವಿಂಗಡಿಸಿದ್ದಾನೆ.

ಒಂದನೆಯದು ರಿಬ್ಬನ್‌ಜೀವಿ. ಏಪ್ರಿಲ್ ಬಿಸಿಲಿನಲ್ಲಿ ಕೋಟು, ಟೈ ಕಟ್ಟಿಕೊಂಡು, ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಹೇರ್ ಡ್ರೈಯರ್ ಹಿಡಿದು, ಮಡಚುವ ಮೇಜಿನ ಮೇಲೆ ನಿಂತ ನಾಯಿಯ ಬಿಳಿ ಕಾಲಿಗೆ ಸೀಮೆಸುಣ್ಣದ ಪುಡಿ ಬಳಿಯುವವನು. ಇವನ ತಲೆಗೂದಲು ಕೆದರಿರುತ್ತದೆ. ಇವನು ಬೆಳಿಗ್ಗೆ ನಾಯಿಗೆ ಕೋಳಿ ಬೇಯಿಸಿ ಹಾಕಿ, ತಾನು ಮೈದಾನದ ಮೂಲೆಯ ಗಾಡಿಯಲ್ಲಿ ತಣ್ಣಗಾದ ಇಡ್ಲಿ ತಿಂದಿರುತ್ತಾನೆ. ನಾನು ಇವನನ್ನು ಅಣಕಿಸುತ್ತೇನೆ, ಆದರೆ ಪ್ರೀತಿಸುತ್ತೇನೆ ಕೂಡ. ಯಾಕೆಂದರೆ ರಾತ್ರಿ ಎರಡು ಗಂಟೆಗೆ ನಾಯಿ ಹೊಟ್ಟೆ ಉಬ್ಬರಿಸಿಕೊಂಡಾಗ ಫೋನ್ ಎತ್ತುವವನು ಇವನೊಬ್ಬನೇ.

ಎರಡನೆಯದು ಉದ್ದಲೆನ್ಸಿ. 600 ಎಂ.ಎಂ. ಲೆನ್ಸಿಗೆ ಎಲೆಯ ಬಣ್ಣದ ಅಂಗಿ ಹಾಕಿ, ತಾನೂ ಅದೇ ಬಟ್ಟೆಯ ಅಂಗಿ ಹಾಕಿ, ಸೆಂಟು ಪೂಸಿಕೊಂಡು ಕಾಡಿಗೆ ಬರುವವನು. ಹುಲಿಗಳ ಹೆಸರು, ಅವುಗಳ ಅಮ್ಮಂದಿರ ಹೆಸರು, ಯಾವುದು ಯಾವುದನ್ನು ಓಡಿಸಿ ಯಾವ ಕೆರೆ ಹಿಡಿಯಿತು ಎಲ್ಲವೂ ಇವನಿಗೆ ಕಂಠಪಾಠ. ಅದೇ ಜೀಪನ್ನು ಓಡಿಸುತ್ತಿರುವ ಕಾಡಿನ ಹುಡುಗನ ಹೆಸರು ಗೊತ್ತಿಲ್ಲ, ‘ಬಾಸ್’ ಎನ್ನುತ್ತಾನೆ. ಇವನ ಪಾಲಿಗೆ ಹುಲಿ ಬೆಸ್ಟ್ ಇನ್ ಶೋ, ಚಿರತೆ ರಿಸರ್ವ್, ಕಬಿನಿಯ ಕರಿಚಿರತೆ ಬಂದರೆ ವಿಶೇಷ ಬಹುಮಾನ. ಆನೆಗೆ ಸಮಾಧಾನಕರ ಬಹುಮಾನ. ಕೀರ, ಕಾಡುಪಾಪ, ಚಿಪ್ಪುಹಂದಿಗಳಿಗೆ ಪ್ರವೇಶಪತ್ರವೇ ಕೊಟ್ಟಿಲ್ಲ.

ಮೂರನೆಯ ವರ್ಗದ ‘ಅ’ ಉಪವರ್ಗದಲ್ಲಿ... ಬಿಡಿ. ನಾಲ್ಕನೆಯದು ಮೊದಲನೆಯದೇ, ಸ್ವಲ್ಪ ಹಣ ಜಾಸ್ತಿ. ಐದರಿಂದ ಒಂಬತ್ತರವರೆಗೆ ಎಲ್ಲವೂ ನಾನೇ.

ಐತಿಹಾಸಿಕ ನೆಲೆಗಟ್ಟು

ನಾಯಿ ಪ್ರದರ್ಶನದ ಉಗಮ 1859ರ ಜೂನ್, ಇಂಗ್ಲೆಂಡಿನ ನ್ಯೂಕ್ಯಾಸಲ್. ಪಾಯಿಂಟರ್ ಮತ್ತು ಸೆಟರ್ ಎಂಬ ಎರಡೇ ತಳಿ, ಎರಡೂ ಬೇಟೆಯ ನಾಯಿಗಳು, ಸುಮಾರು ಅರವತ್ತು ಸ್ಪರ್ಧಿಗಳು. ಬಹುಮಾನ ಕೋವಿ. ಪಾಯಿಂಟರ್ ವಿಭಾಗದ ತೀರ್ಪುಗಾರರಲ್ಲಿ ಒಬ್ಬನ ನಾಯಿ ಸೆಟರ್ ವಿಭಾಗದಲ್ಲಿ ಗೆದ್ದಿತು; ಸೆಟರ್ ವಿಭಾಗದ ತೀರ್ಪುಗಾರರಲ್ಲಿ ಒಬ್ಬನ ನಾಯಿ ಪಾಯಿಂಟರ್ ವಿಭಾಗದಲ್ಲಿ ಗೆದ್ದಿತು. ಅಂದರೆ ಈ ಕಲೆ ಹುಟ್ಟಿದ ದಿನವೇ ಪರಿಪೂರ್ಣತೆ ಮುಟ್ಟಿತ್ತು. ನಂತರದ್ದೆಲ್ಲ ಬರೀ ಶಾಮಿಯಾನದ ಖರ್ಚು.

ಅದೇ ವರ್ಷ ನವೆಂಬರಿನಲ್ಲಿ ಡಾರ್ವಿನ್ ತನ್ನ ಜೀವಿಗಳ ಉಗಮದ ಪುಸ್ತಕ ಹೊರತಂದ. ಮೊದಲ ಅಧ್ಯಾಯದಲ್ಲೇ ಸಾಕುಪ್ರಾಣಿಗಳ ಮಾತು: ಮನುಷ್ಯ ತನಗೆ ಬೇಕಾದ್ದನ್ನು ಆರಿಸುತ್ತ ಹೋದರೆ ಪ್ರಾಣಿ ಎಷ್ಟು ಬದಲಾಗುತ್ತದೆ ನೋಡಿ ಎಂದು. ಐದು ತಿಂಗಳ ಅಂತರದಲ್ಲಿ ಒಬ್ಬರು ಪ್ರಾಣಿಗಳು ಬದಲಾಗುತ್ತ ಬಂದಿವೆ ಎಂದರು. ಇನ್ನೊಬ್ಬರು ಇನ್ನು ಮೇಲೆ ಬದಲಾಗಕೂಡದು, ಇಂಚು ಪಟ್ಟಿ ತನ್ನಿ ಎಂದರು. ನಾವು ಎರಡನೆಯವರ ಶಿಷ್ಯರು.

ಆದರೆ ಕನ್ನಡ ನಾಡಿನಲ್ಲಿ ಶ್ವಾನ ಪುರಸ್ಕಾರದ ಚರಿತ್ರೆ ಇದಕ್ಕಿಂತ ಒಂಬತ್ತು ಶತಮಾನ ಹಿಂದಿನದು. ಮದ್ದೂರಿನ ಹತ್ತಿರದ ಆತಕೂರಿನಲ್ಲಿ ನಿಂತಿದ್ದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು 949-50. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದಾಗ ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರ ಪರಾಕ್ರಮ ತೋರಿದ. ಮೆಚ್ಚಿದ ದೊರೆ ಬೇಕಾದ್ದು ಕೇಳು ಎಂದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆ ನಾಯಿಯನ್ನು ಕೇಳಿದ. ಆಮೇಲೆ ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿ ಸತ್ತಿತು. ಕಾಳಿಯೂ ಸತ್ತಿತು. ಮಣಲೆರ ಕಲ್ಲು ಹಾಕಿಸಿದ, ಭೂಮಿ ಬಿಟ್ಟ, ಆ ಕಲ್ಲಿಗೆ ಪೂಜೆ ಮಾಡದೆ ಗುಡಿಯ ಪೂಜಾರಿ ಉಣ್ಣಬಾರದೆಂದು ಕಟ್ಟು ಮಾಡಿದ.

ಆ ಕಲ್ಲಿನ ಮುಂದೆ ನಾನು ಮೂರು ಸಲ ನಿಂತಿದ್ದೇನೆ. ನಾಯಿ ಮತ್ತು ಹಂದಿ ಎದುರುಬದುರಾಗಿ ಹೆಣೆದುಕೊಂಡಿವೆ. ಕಾಳಿಯ ಟಾಪ್‌ಲೈನ್ ಸರಿಯಿಲ್ಲ. ಕಡೆದವನು ಬ್ರೀಡ್ ಸ್ಟ್ಯಾಂಡರ್ಡ್ ಓದಿರಲಿಲ್ಲ ಪಾಪ, ಅವನು ಬರೀ ನಾಯಿಯನ್ನು ನೋಡಿದ್ದ. ಮತ್ತೊಂದು ಸಂಗತಿ: ಹಂದಿಯನ್ನು ಕೂಡ ನಾಯಿಯಷ್ಟೇ ಮರ್ಯಾದೆಯಿಂದ ಕಡೆದಿದ್ದಾನೆ. ನಾಯಿಯನ್ನೂ ಕಾಡಿನ ಪ್ರಾಣಿಯನ್ನೂ ಒಂದೇ ಕಲ್ಲಿನಲ್ಲಿ ಒಟ್ಟಿಗೆ ಪ್ರೀತಿಸಿದ ಪೂರ್ವಸೂರಿ ಎಂದು ನಾನು ಈ ಪ್ರಬಂಧವನ್ನು ಆ ಅನಾಮಧೇಯ ಶಿಲ್ಪಿಗೆ ಅರ್ಪಿಸಬೇಕೆಂದಿದ್ದೆ. ಆಮೇಲೆ ಹೊಳೆಯಿತು: ಒಂದನ್ನು ಇನ್ನೊಂದರ ಮೇಲೆ ಬಿಟ್ಟವನು ಮನುಷ್ಯ, ಸತ್ತವು ಅವೆರಡು.

ಈ ತೊಡಕು ನನ್ನ ಮನೆಯ ವರಾಂಡದಲ್ಲೇ ಮಲಗಿದೆ. ಬಸ್ಯಾನ ಆ ಸೀಳು ಎದೆ, ಆ ಬಿಲ್ಲಿನಂಥ ನಡು, ದೂರದ ಚಲನೆಯನ್ನು ತಟ್ಟನೆ ಹಿಡಿಯುವ ಕಣ್ಣು ಎಲ್ಲವೂ ಮೊಲ ಹಿಡಿಯಲಿಕ್ಕೆ ಆದದ್ದು. ನಾನು ಆ ಕಾಲುಗಳ ಚಂದಕ್ಕೆ ರಿಬ್ಬನ್ ಕೇಳುತ್ತೇನೆ. ಮೊಲವನ್ನೂ ನೋಡಲು ಹೋಗುತ್ತೇನೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಮೊಲಕ್ಕೆ ರಕ್ಷಣೆ ಸಿಕ್ಕಿತು, ಬಸ್ಯಾನ ಕುಲಕ್ಕೆ ಕಸುಬು ಹೋಯಿತು. ಈಗ ಅವನು ಭಾನುವಾರಗಳಲ್ಲಿ ವೃತ್ತಾಕಾರವಾಗಿ ಓಡುತ್ತಾನೆ, ಮುಂದೆ ಯಾವ ಮೊಲವೂ ಇಲ್ಲದೆ. ಎಕ್ಸ್‌ಪ್ರೆಷನ್ ಎಲ್ಲಿಂದ ಬರಬೇಕು ಸ್ವಾಮಿ?

ಸೀಳುನಾಯಿ: ಒಂದು ಮೌಲ್ಯಮಾಪನ

ಇನ್ನು ಪ್ರಬಂಧದ ಪ್ರಾಯೋಗಿಕ ಭಾಗ. ಬರೀ ನಾಯಿಗಳೆಂದು ತಿರಸ್ಕೃತವಾದ ಆ ಪ್ರಾಣಿಯನ್ನು ನಾಯಿ ಪ್ರದರ್ಶನದ ಮಾನದಂಡಗಳಿಂದಲೇ ಅಳೆದರೆ ಹೇಗೆ? ನಾಮಪದದಿಂದಲೇ ವಿವಾದ. ‘ಸೀಳು’ವುದರಿಂದ ಸೀಳುನಾಯಿಯೋ, ‘ಸಿಳ್ಳು’ ಹಾಕುವುದರಿಂದಲೋ? ನಾಯಿಗಳು ಎರಡನ್ನೂ ಮಾಡಿ ವಿದ್ವಾಂಸರನ್ನು ಇಕ್ಕಟ್ಟಿಗೆ ಸಿಕ್ಕಿಸಿವೆ. ದಟ್ಟ ಪೊದೆಯಲ್ಲಿ ಗುಂಪು ಚದುರಿದರೆ ಸಿಳ್ಳು ಹಾಕಿ ಕೂಡುತ್ತವೆ, ಕೂಡಿ ಸೀಳುತ್ತವೆ. ಬೊಗಳುವುದು ಮಾತ್ರ ನಮ್ಮ ನಾಯಿಯ ಹಾಗೆ ಬೊಗಳುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ನಮ್ಮ ಗಾದೆಯ ಉತ್ತರಾರ್ಧವನ್ನು ಕಾಡಿನಲ್ಲಿ ಇವು ನಡೆಸಿಕೊಂಡು ಬಂದಿವೆ.

ಮೊದಲು ಹಲ್ಲು. ಸಾಕುನಾಯಿಗೆ 42. ಸೀಳುನಾಯಿಗೆ ಕೆಳದವಡೆಯಲ್ಲಿ ಎರಡೂ ಕಡೆ ಒಂದೊಂದು ದವಡೆಹಲ್ಲು ಕಡಿಮೆ, ಒಟ್ಟು 40. ಹಲ್ಲು ಕಡಿಮೆಯಿದ್ದರೆ ಹಲವು ತಳಿಗಳಲ್ಲಿ ಅದು ಭಾರಿ ದೋಷ. ಇಲ್ಲಿ ಇಡೀ ಪ್ರಭೇದವೇ ದೋಷಿ. ಕಿವಿ: ತುದಿ ದುಂಡು, ಒಂದು ಹರಿದಿದೆ. ಬಾಲ: ನರಿಯ ಹಾಗೆ ಪೊದೆಯಾಗಿ ಕಪ್ಪು. ಮೈ: ಕಾವಿ ಬಣ್ಣ, ರಕ್ತ ಒಣಗಿ ಮಚ್ಚೆ. ಶಿಷ್ಟಾಚಾರ: ರಿಂಗಿನಲ್ಲಿ ಒಂದು ಕಾಲೆತ್ತಿದರೇ ಮುಜುಗರ, ಈ ಪ್ರಾಣಿ ಗುರುತು ಹಾಕುವಾಗ ಒಮ್ಮೊಮ್ಮೆ ಹಿಂದಿನ ಎರಡೂ ಕಾಲನ್ನು ಎತ್ತಿ ಮುಂಗಾಲ ಮೇಲೆಯೇ ನಿಂತುಬಿಡುತ್ತದೆ. ಇದಕ್ಕೆ ಅಂಕ ಕಳೆಯಬೇಕೋ ಕೊಡಬೇಕೋ ಎಂದು ನಿಯಮಾವಳಿಯಲ್ಲಿಲ್ಲ.

ಇತಿಹಾಸದಲ್ಲಿ ಸೀಳುನಾಯಿಗೆ ಬಹುಮಾನವೇ ಸಿಕ್ಕಿಲ್ಲವೆಂದಲ್ಲ. ಬ್ರಿಟಿಷರ ಕಾಲದಲ್ಲಿ ಅದರ ತಲೆಗೆ ಇನಾಮು ಇತ್ತು, ಕೊಂದು ತಂದವರಿಗೆ. ಬೇಟೆಯನ್ನು ಜೀವವಿರುವಾಗಲೇ ತಿನ್ನುತ್ತದೆ, ಕ್ರೂರಿ, ದೊರೆಗಳು ಹೊಡೆಯಬೇಕಾದ ಜಿಂಕೆಗಳನ್ನು ಖಾಲಿ ಮಾಡುತ್ತದೆ ಎಂಬ ಆರೋಪ. ಕಿಪ್ಲಿಂಗ್ ಕೂಡ ಮೌಗ್ಲಿಯ ಕಥೆಯಲ್ಲಿ ಇದನ್ನು ಖಳನ ಪಾತ್ರಕ್ಕೇ ಹಾಕಿದ. 1976ರಿಂದ 78ರವರೆಗೆ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಅಲೆದು ಇದರ ಬದುಕನ್ನು ಬರೆದಿಟ್ಟರು. ಆಮೇಲೆ ನಮ್ಮ ಕೃಪಾಕರ-ಸೇನಾನಿ ವರ್ಷಗಟ್ಟಲೆ ಈ ಗುಂಪುಗಳ ಹಿಂದೆ ಬಿದ್ದು ಚಿತ್ರ ತೆಗೆದರು. ಅವರ ಚಿತ್ರ ನೋಡಿದ ಮೇಲೆ ನಾನು ‘ಬರೀ ನಾಯಿ’ ಎಂಬ ಮಾತನ್ನು ಬಾಯಲ್ಲಿ ಇಟ್ಟುಕೊಂಡಿಲ್ಲ.

ಆ ಶನಿವಾರಕ್ಕೆ ಹಿಂತಿರುಗುತ್ತೇನೆ. ಚಾಲಕ ಹುಡುಗ ಉದ್ದಲೆನ್ಸಿಯ ಗೊಣಗಾಟಕ್ಕೆ ಕಿವಿಗೊಡದೆ ಎಂಜಿನ್ ಆರಿಸಿದ್ದ. ಅವನ ಋಣ ನನ್ನ ಮೇಲಿದೆ. ಏಳರಲ್ಲಿ ಆರು ಹೊರಳಿ ಲಂಟಾನ ಪೊದೆಯ ಹಿಂದೆ ಹೋದವು. ಅಲ್ಲೊಂದು ಚುಕ್ಕೆ ಜಿಂಕೆ ಬಿದ್ದಿತ್ತು, ಆಗ ತಾನೇ. ಪೊದೆಯಿಂದ ಮರಿಗಳು ಬಂದವು, ನಾಲ್ಕು. ದೊಡ್ಡವು ಹಿಂದೆ ಸರಿದು ನಿಂತವು. ಹಸಿದಿದ್ದವು, ನಾಲಗೆ ಚಾಚಿದ್ದವು, ಆದರೂ ಮರಿಗಳು ತಲೆ ಹುದುಗಿಸಿ ತಿನ್ನುವಷ್ಟು ಹೊತ್ತು ಕಾದವು. ಏಳನೆಯದು ಹಿಂದಿನ ಬಲಗಾಲು ಎತ್ತಿಕೊಂಡು ಮೂರೇ ಕಾಲಿನಲ್ಲಿ ಕುಂಟುತ್ತ ಕೊನೆಗೆ ಬಂತು. ಬೇಟೆಯಲ್ಲಿ ಅದರ ಪಾಲೇನೂ ಇದ್ದಿರಲಾರದು. ಒಂದು ದೊಡ್ಡದು ಮೂಗು ತಾಗಿಸಿತು. ಅದೂ ತಿಂದಿತು. ಯಾರೂ ಅದರ ಗೇಟ್ ಕುರಿತು ಏನೂ ಅನ್ನಲಿಲ್ಲ.

ನಾನು ಮನಸ್ಸಿನಲ್ಲೇ ತೀರ್ಪಿನ ಹಾಳೆ ತುಂಬಲು ಶುರುಮಾಡಿದ್ದವನು ಆ ಕುಂಟಿಯ ಹತ್ತಿರ ಬಂದು ಬಿಟ್ಟುಬಿಟ್ಟೆ.

ಒಂದು ಅಶಾಸ್ತ್ರೀಯ ಅಧ್ಯಾಯ

ಇಲ್ಲಿಂದ ಮುಂದೆ ಪ್ರಬಂಧದ ಭಾಷೆ ಸ್ವಲ್ಪ ಕೆಡುತ್ತದೆ. ಮಾರ್ಗದರ್ಶಕರು ಮನ್ನಿಸಬೇಕು.

ನಾವು ಏನು ಮಾಡಿಟ್ಟಿದ್ದೇವೆ ನೋಡಿ. ಮೂಗು ಚಪ್ಪಟೆಯಾದಷ್ಟೂ ಮುದ್ದು ಎಂದು ಆರಿಸಿ ಆರಿಸಿ ಪಗ್‌ನ ಮುಖವನ್ನು ಗೋಡೆಗೆ ಗುದ್ದಿದ ಹಾಗೆ ಮಾಡಿದೆವು. ಅದು ಗೊರಕೆ ಹೊಡೆಯುವುದಲ್ಲ, ಅದಕ್ಕೆ ಉಸಿರು ಸಿಕ್ಕುತ್ತಿಲ್ಲ. ಒಬ್ಬ ಹುಡುಗನ ಹಿಂದೆ ಪಗ್ ಓಡುವ ಮೊಬೈಲ್ ಜಾಹೀರಾತು 2003ರಲ್ಲಿ ಬಂದದ್ದೇ ಬಂದದ್ದು, ದೇಶಕ್ಕೆ ದೇಶವೇ ಉಸಿರುಗಟ್ಟುವ ನಾಯಿ ಬೇಕೆಂದು ಸಾಲು ನಿಂತಿತು. ಬುಲ್‌ಡಾಗ್‌ನ ತಲೆ ಎಷ್ಟು ದೊಡ್ಡದಾಗಿದೆಯೆಂದರೆ ಬಹುಪಾಲು ಮರಿಗಳು ಹೊಟ್ಟೆ ಕೊಯ್ದೇ ಹೊರಬರಬೇಕು. ಸೈಬೀರಿಯದ ಹಸ್ಕಿಯನ್ನು ಕಲಬುರಗಿಯಲ್ಲಿ ಸಾಕುವವರನ್ನು ಕಂಡಿದ್ದೇನೆ. ಮೇ ತಿಂಗಳು. ಡಾಬರ್‌ಮನ್ ಮರಿಯ ಬಾಲವನ್ನು ಕಣ್ಣು ಬಿಡುವ ಮೊದಲೇ ಕತ್ತರಿಸುತ್ತಾರೆ, ಕಿವಿ ಕೊಯ್ದು ಕಡ್ಡಿ ಕಟ್ಟಿ ನಿಲ್ಲಿಸುತ್ತಾರೆ, ‘ಲುಕ್ ಬರಲಿ’ ಅಂತ. ಯಾರಿಗೆ ಲುಕ್? ಈ ಎಲ್ಲದಕ್ಕೂ ಚಪ್ಪಾಳೆ ತಟ್ಟಿದ ಕೈಗಳಲ್ಲಿ ಈ ಎರಡೂ ಇವೆ. ಬರೆಯುತ್ತಿರುವ ಇವೇ ಕೈಗಳು.

ಲುಕ್ ಬಾರದ ಮರಿಗಳು ಎಲ್ಲಿಗೆ ಹೋಗುತ್ತವೆ? ವಯಸ್ಸಾಗಿ ಹೆತ್ತು ಹೆತ್ತು ಬಸವಳಿದ ಹೆಣ್ಣುಗಳು? ‘ತೋಟಕ್ಕೆ ಕೊಟ್ಟೆವು’ ಎನ್ನುತ್ತಾರೆ. ಆ ತೋಟದ ವಿಳಾಸ ಕೇಳಬಾರದು. ಕಾಡಂಚಿನ ರಸ್ತೆಗಳಲ್ಲಿ ರಾತ್ರಿ ಕಾರಿನ ಬಾಗಿಲು ತೆರೆದು ಮುಚ್ಚುವ ಸದ್ದೇ ಆ ತೋಟ.

ಅಲ್ಲಿ ಬಿಟ್ಟ ನಾಯಿ ಸುಮ್ಮನೆ ಸಾಯುವುದೂ ಇಲ್ಲ. ಹಸಿದರೆ ಜಿಂಕೆ ಮರಿ ಹಿಡಿಯುತ್ತದೆ. ಲಸಿಕೆಯಿಲ್ಲದಿದ್ದರೆ ಡಿಸ್ಟೆಂಪರ್ ಹೊತ್ತು ತಿರುಗುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಆ ರೋಗ ನುಗ್ಗಿ ಸುಮಾರು ಸಾವಿರ ಸಿಂಹಗಳು, ಅಲ್ಲಿನ ಮೂರರಲ್ಲೊಂದು ಪಾಲು, ಸತ್ತವು. 2018ರಲ್ಲಿ ನಮ್ಮದೇ ಗಿರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಹೋದವು, ಅಲ್ಲೂ ಅದೇ ವೈರಸ್ ಸಿಕ್ಕಿತು. ಸೀಳುನಾಯಿ ನಮ್ಮ ನಾಯಿಯ ದಾಯಾದಿ. ನಾಯಿಯ ಕಾಯಿಲೆ ಅದಕ್ಕೆ ತಗುಲಲು ಯಾವ ಪೇಪರೂ ಬೇಡ. ನಾಯಿ ಪ್ರದರ್ಶನದಲ್ಲಿ ಇದನ್ನೆತ್ತಿದರೆ ‘ಅದು ಕಂತ್ರಿಗಳ ಸಮಸ್ಯೆ ಸರ್’ ಎನ್ನುತ್ತಾರೆ. ಸಫಾರಿಯಲ್ಲಿ ಎತ್ತಿದರೆ ‘ಎಲ್ಲ ನಾಯಿಗಳನ್ನೂ ಹೊಡೆದುಹಾಕಬೇಕು’ ಎನ್ನುತ್ತಾರೆ, ಅದೂ ಮನೆಯಲ್ಲಿ ಲ್ಯಾಬ್ರಡಾರ್ ಇಟ್ಟುಕೊಂಡವರೇ. ಇದೇ ಬಂಡೀಪುರದಲ್ಲಿ ರಾಣಾ ಎಂಬ ಜರ್ಮನ್ ಶೆಫರ್ಡ್ ಮೂಗಿನಿಂದಲೇ ಕಳ್ಳಬೇಟೆಗಾರರ ಜಾಡು ಹಿಡಿಯುತ್ತಿತ್ತು ಎಂಬುದು ಎರಡೂ ಕಡೆಯವರಿಗೆ ನೆನಪಾಗುವುದಿಲ್ಲ.

ಆ ಶನಿವಾರ ಸಂಜೆ ಸಫಾರಿ ಮುಗಿಸಿ ಊರಿಗೆ ನೇರ ಹೋಗದೆ ಬಂಡೀಪುರದ ಕಡೆ ಸುತ್ತು ಹಾಕಿ ಹೊರಟೆ. ಗುಂಡ್ಲುಪೇಟೆಗೆ ಇನ್ನೂ ದೂರವಿರುವಾಗ ರಸ್ತೆ ಬದಿಯ ಒಂದು ಗೂಡಂಗಡಿಯಲ್ಲಿ ಟೀಗೆ ನಿಂತೆ. ಸಣ್ಣಗೆ ಹನಿ ಬೀಳುತ್ತಿತ್ತು. ಅಂಗಡಿಯ ತಗಡಿನ ಮಾಡಿನಡಿ ಒಂದು ಡಾಬರ್‌ಮನ್ ಮುದುರಿಕೊಂಡಿತ್ತು. ಹೆಣ್ಣು. ಪಕ್ಕೆಲುಬು ಎಣಿಸಬಹುದಿತ್ತು. ಕಣ್ಣಲ್ಲಿ ಪಿಚ್ಚು, ಮೂಗು ಒಣಗಿ ಬಿರಿದಿತ್ತು. ಕಿವಿ ಮಾತ್ರ ಕೊಯ್ದು ಕಟ್ಟಿದ್ದ ಹಾಗೇ ನೆಟ್ಟಗಿದ್ದವು, ಒಳ್ಳೆಯ ಕೈಯ ಕೆಲಸ. ನನ್ನನ್ನು ನೋಡಿ ಎದ್ದಿತು. ಅಲ್ಲಾಡಿಸಲು ಬಾಲವಿರಲಿಲ್ಲ, ಬೆನ್ನ ತುದಿಯಲ್ಲಿ ಒಂದು ಮೊಟಕು ಅಲುಗಿತು.

ಮಾಡಿನ ಹಿಂದೆ ಹತ್ತು ಮಾರಿಗೆ ಕಾಡಿನ ಕಂದಕ.

ಟೀ ಕುಡಿದು ದುಡ್ಡು ಕೊಡಲು ಜೇಬಿಗೆ ಕೈ ಹಾಕಿದೆ. ಆ ನಾಯಿ ಮಳೆಗೆ ಬಂದು ನನ್ನ ಮುಂದೆ ನಿಂತಿತು. ಮುಂಗಾಲು ಎರಡನ್ನೂ ಜೋಡಿಸಿತು. ಹಿಂಗಾಲು ತುಸು ಹಿಂದಕ್ಕೆ ಇಟ್ಟಿತು, ಒಂದು ನಡುಗಿತು, ಸರಿಮಾಡಿಕೊಂಡಿತು. ಕತ್ತು ಎತ್ತಿತು. ಕಿವಿ ಮುಂದೆ ಮಾಡಿ, ಉಸಿರು ಹಿಡಿದು, ನನ್ನ ಜೇಬನ್ನೇ ನೋಡುತ್ತ ಚೌಕಕ್ಕೆ ನಿಂತಿತು.

ಅಂಗಡಿಯವನು ಲೋಟ ತೊಳೆಯುತ್ತ ಹೇಳಿದ: ‘ಯಾರ್ ಜೇಬ್ಗೆ ಕೈ ಹಾಕುದ್ರೂ ಇಂಗೇ ನಿಂತ್ಕತ್ತದೆ ಸಾ. ಅದ್ಯಾಕೋ ಏನೋ.’